ಫರ್ನೇಸಿನ ಉಸಿರು ಬಲ್ಲ ಒರೀಸ್ಯಾ

ವಿನಿಪೆಗ್ ನಗರದ ಉತ್ತರ ಭಾಗದಲ್ಲಿ ಜನವರಿಯ ಬೆಳಗು ಇನ್ನೂ ಹರಿದಿಲ್ಲ. ಹೊರಗೆ ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ತೆಕ್ಲಾ ಅಜ್ಜಿಯ ನೆಲಮಾಳಿಗೆಯಲ್ಲಿ ಫರ್ನೇಸು ರಿಪೇರಿಗೆ ಬಂದ ಐವತ್ತೆಂಟರ ತಗಡು ಕೆಲಸಗಾರ್ತಿ ಒರೀಸ್ಯಾ ಪಾಂಕಿವ್, ಮನೆಯನ್ನೆಲ್ಲ ಬೆಚ್ಚಗಿಡಬೇಕಾದ ಫರ್ನೇಸಿನ ತಗಡಿಗೆ ಅಂಗೈಯೊತ್ತಿ ಕಿವಿಗೊಟ್ಟು ನಿಂತಿದ್ದಾರೆ. ಬೆಂಕಿ ಹೊತ್ತಿಕೊಳ್ಳುತ್ತದೆ. ಫ್ಯಾನು ಸಿಳ್ಳೆ ಹಾಕುತ್ತದೆ. ಆರು ನಿಮಿಷ ಕಳೆಯುವಷ್ಟರಲ್ಲಿ ಬೆಂಕಿ ತಾನಾಗಿಯೇ ಆರಿಹೋಗುತ್ತದೆ. ಎರಡು ದಿನಗಳಿಂದ ಇದೇ ಪಾಡು.

"ನಿನ್ನೆ ಬಂದಿದ್ದ ರಿಪೇರಿಯವನು ಇದು ಸತ್ತುಹೋಗಿದೆ, ಹೊಸದು ಹಾಕ್ಸಿ ಅಂದ" ಎಂದು ಅಜ್ಜಿ ಮೆಟ್ಟಿಲ ಮೇಲಿಂದಲೇ ಹೇಳುತ್ತಾರೆ.

"ಸತ್ತಿರೋದು ಸಿಳ್ಳೆ ಹಾಕುತ್ತಾ ಅಜ್ಜಿ? ಇದಕ್ಕೆ ಉಸಿರು ಸಿಗ್ತಿಲ್ಲ, ಅಷ್ಟೇ."

ಉಸಿರಿನ ಮಾತು ಈ ಮನೆಯಲ್ಲಿ ಹಗುರದ್ದಲ್ಲ. ಅಜ್ಜಿಯ ಗಂಡ ವಾಸಿಲ್ ಮೂವತ್ತು ವರ್ಷ ಗೋಧಿಯ ಕಣಜಗಳಲ್ಲಿ ಧೂಳು ಕುಡಿದವರು. ಈಗ ಧೂಳೆದ್ದರೆ ಕೆಮ್ಮು, ಚಳಿಯಾದರೆ ಉಬ್ಬಸ. ಇಂದು ಸಂಜೆಯೊಳಗೆ ಮನೆ ಬೆಚ್ಚಗಾಗದಿದ್ದರೆ ಅವರನ್ನು ಆಸ್ಪತ್ರೆಗೆ ಸೇರಿಸಲೇಬೇಕೆಂದು ವೈದ್ಯರು ಹೇಳಿದ್ದಾರೆ. ಹೋದ ಚಳಿಗಾಲ ಅಲ್ಲಿಗೆ ಹೋದವರು ಮರಳಲು ಏಳು ವಾರ ಹಿಡಿದಿತ್ತು.

ಒರೀಸ್ಯಾ ಫಿಲ್ಟರಿನ ಗೂಡು ತೆರೆಯುತ್ತಾರೆ. ಒಂದರ ಬೆನ್ನಿಗೊಂದು ಎರಡು ಫಿಲ್ಟರುಗಳು, ಎರಡೂ ಅಂಗಡಿಯಲ್ಲಿ ಸಿಗುವ ಅತಿ ಸೂಕ್ಷ್ಮದವು.

"ಎರಡೆರಡು ಯಾಕೆ ತುರುಕಿದ್ದೀರಿ?"

"ಒಂದರಿಂದ ತಪ್ಪಿಸಿಕೊಂಡ ಧೂಳನ್ನ ಇನ್ನೊಂದು ಹಿಡೀಲಿ ಅಂತ. ಅವರ ಎದೆಗೋಸ್ಕರ ಹಾಕಿದ್ದು ಕಣೇ, ಮುಟ್ಟಬೇಡ!"

ಒರೀಸ್ಯಾ ಮೆಟ್ಟಿಲು ಹತ್ತುತ್ತಾರೆ. ಅಜ್ಜಿಯನ್ನು ನಡುಮನೆಗೆ ಕರೆತರುತ್ತಾರೆ. ಅಲ್ಲಿ ಗೋಡೆಯ ಬುಡದ ಜಾಲರಿಗೆ ದಪ್ಪ ಕಂಬಳಿಯೊಂದನ್ನು ಮೊಳೆ ಹೊಡೆದು ಹೊದಿಸಿದೆ. ಅಲ್ಲಿಂದ ಚಳಿ ನುಗ್ಗಿ ಕಾಲು ಕೊರೆಯುತ್ತದೆಂಬುದು ಅಜ್ಜಿಯ ದೂರು. ಒರೀಸ್ಯಾ ಕಂಬಳಿ ಕಿತ್ತು, ತೆಳ್ಳನೆಯ ಕಾಗದವೊಂದನ್ನು ಜಾಲರಿಯ ಮುಂದೆ ಹಿಡಿಯುತ್ತಾರೆ. ಕಾಗದ ಜಾಲರಿಗೆ ಅಂಟಿಕೊಳ್ಳುತ್ತದೆ.

"ನೋಡಿ, ಗಾಳಿ ಬರ್ತಿಲ್ಲ, ಹೋಗ್ತಿದೆ. ಮನೆಯ ತಣ್ಣನೆ ಗಾಳಿ ಇಲ್ಲಿಂದ ಕೆಳಗಿಳಿದು, ಬಿಸಿಯಾಗಿ ಮೇಲೆ ಬರ್ಬೇಕು. ನೀವು ಅದರ ಮೂಗಿಗೆ ಕಂಬಳಿ ಹೊದಿಸಿ, ಗಂಟಲಿಗೆ ಎರಡು ಬಟ್ಟೆ ತುರುಕಿದ್ದೀರಿ. ಗಾಳಿಯಿಲ್ಲದೆ ಫರ್ನೇಸಿನ ಮೈ ವಿಪರೀತ ಕಾಯುತ್ತೆ, ಸುಟ್ಟುಹೋಗಬಾರದು ಅಂತ ಅದೇ ಬೆಂಕಿ ಆರಿಸಿಕೊಳ್ಳುತ್ತೆ."

"ಐವತ್ತು ವರ್ಷದಿಂದ ನನಗೂ ಅದನ್ನೇ ಮಾಡ್ತಿದ್ದಾಳೆ" ಎಂದು ಒರಗುಕುರ್ಚಿಯಿಂದ ವಾಸಿಲ್ ಅಜ್ಜನ ದನಿ.

"ನೀವು ಮಾತು ಬಿಟ್ಟು ಉಸಿರಾಡಿ" ಎಂದು ಅಜ್ಜಿ ಗದರುತ್ತಾರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದಕ್ಕೆ ಕಸ ಗುಡಿಸಲು ಸೇರಿದವರು ಒರೀಸ್ಯಾ. ತಗಡು ಕತ್ತರಿಸುವ ಕತ್ತರಿ ಹಿಡಿದ ದಿನ, "ಪೆರೋಗಿ ಕಡುಬು ಮಡಿಚೋ ಕೈಗೆ ಇದ್ಯಾಕಮ್ಮ?" ಎಂದು ಗಂಡಸರು ನಕ್ಕಿದ್ದರು. "ಮಡಿಕೆ ಅಂದ್ರೆ ಏನು ಅಂತ ಆ ಕೈಗೇ ಗೊತ್ತು ಅಂದೆ. ಆಮೇಲೆ ಯಾರೂ ನಗಲಿಲ್ಲ. ಹೆಬ್ಬೆರಳು ಕೊಯ್ದುಕೊಂಡಾಗ ಮಾತ್ರ ನಕ್ರು" ಎನ್ನುತ್ತಾರೆ. ಈಗ ಚಳಿಗಾಲದಲ್ಲಿ ದಿನಕ್ಕೆ ಏಳು ಮನೆ, ಏಳು ನೆಲಮಾಳಿಗೆ. ಮೂರರಲ್ಲೊಂದು ಮನೆಯಲ್ಲಿ ಜಾಲರಿಯ ಮೇಲೆ ಸೋಫಾ ಕೂತಿರುತ್ತದೆಯಂತೆ.

ಕೊಳವೆಗೆ ಸಣ್ಣ ರಂಧ್ರ ಕೊರೆದು ಅವರು ಮಾಪಕ ಹಚ್ಚುತ್ತಾರೆ. ನೀರಿನ ಮಟ್ಟದ ಲೆಕ್ಕದಲ್ಲಿ ಗಾಳಿಯ ಒತ್ತಡ ಅರ್ಧ ಅಂಗುಲ ಮೀರಬಾರದೆಂದು ಫರ್ನೇಸಿನ ಮೇಲೇ ಬರೆದಿದೆ. ಕಂಬಳಿ ಕಿತ್ತ ಮೇಲೂ ಮುಳ್ಳು ಮುಕ್ಕಾಲು ದಾಟಿ ನಿಂತಿದೆ.

"ಫಿಲ್ಟರು ತೆಗೆದ್ರೆ ಫರ್ನೇಸು ಉರಿಯುತ್ತೆ, ಅಜ್ಜ ಕೆಮ್ತಾರೆ. ಇಟ್ರೆ ಅಜ್ಜ ಉಸಿರಾಡ್ತಾರೆ, ಫರ್ನೇಸು ಸಾಯುತ್ತೆ. ಇಬ್ರೂ ಬದುಕ್ಬೇಕಲ್ಲ?" ಎನ್ನುತ್ತಾರೆ ಒರೀಸ್ಯಾ.

ಅವರ ವ್ಯಾನಿನಿಂದ ಇಳಿಯುವುದು ನಾಲ್ಕಂಗುಲ ದಪ್ಪದ ಒಂದೇ ಒಂದು ಫಿಲ್ಟರು. ಸೋಸುವುದು ಅಷ್ಟೇ ಸೂಕ್ಷ್ಮವಾಗಿ. ಆದರೆ ಕುಣಿತದ ಲಂಗದಂತೆ ಆಳವಾದ ನೆರಿಗೆಗಳು, ಬಿಡಿಸಿ ಹಾಸಿದರೆ ಹಳೆಯದರ ಹಲವು ಪಟ್ಟು ಬಟ್ಟೆ. ಅಷ್ಟಗಲದ ದಾರಿ ಸಿಕ್ಕರೆ ಗಾಳಿ ಹೆಣಗಾಡಬೇಕಿಲ್ಲ. ಅದಕ್ಕೊಪ್ಪುವ ತಗಡಿನ ಗೂಡನ್ನು ಮೊದಲು ಮಡಿಚಿ ಸಿದ್ಧಮಾಡಿ, ಆಮೇಲಷ್ಟೇ ಫರ್ನೇಸು ಆರಿಸುತ್ತಾರೆ, ಮನೆ ತಣ್ಣಗಾಗಬಾರದಲ್ಲ. ಸದಾ ಬಾಗಿಲು ಮುಚ್ಚಿರುವ ಅಜ್ಜನ ಕೋಣೆಯಿಂದ ಗಾಳಿ ಹಿಂದಿರುಗಲು ಹಾದಿಯೇ ಇರಲಿಲ್ಲ. ಅಲ್ಲಿಂದಲೂ ಒಂದು ಹೊಸ ಕೊಳವೆ ಇಳಿಯುತ್ತದೆ.

ಮಧ್ಯಾಹ್ನ ಎರಡಕ್ಕೆ ಮತ್ತೆ ಬೆಂಕಿ ಹೊತ್ತುತ್ತದೆ. ಮುಳ್ಳು ಅರ್ಧದೊಳಗೇ ತಂಗುತ್ತದೆ. ಆರು ನಿಮಿಷ ಕಳೆಯುತ್ತದೆ. ಹತ್ತು. ಇಪ್ಪತ್ತು.

ಅಜ್ಜಿ ಗಾಬರಿಯಿಂದ ಮೆಟ್ಟಿಲಿಗೆ ಓಡಿಬರುತ್ತಾರೆ. "ಒರೀಸ್ಯಾ, ಸದ್ದೇ ಇಲ್ವಲ್ಲೇ! ಮತ್ತೆ ನಿಂತುಹೋಯ್ತಾ?"

ಒರೀಸ್ಯಾ ಮೇಲೆ ಬಂದು ಅಜ್ಜಿಯ ಕೈಯನ್ನು ಕಿಟಕಿಯ ಕೆಳಗಿನ ಬಿಸಿಗಾಳಿಯ ಕಿಂಡಿಗೆ ಹಿಡಿಸುತ್ತಾರೆ. ಅಜ್ಜಿ ಆ ಕೈಯನ್ನು ಕೆನ್ನೆಗೊತ್ತಿಕೊಂಡು, ಕುರ್ಚಿಯತ್ತ ತಿರುಗಿ, ಸಟ್ಟನೆ ದನಿ ತಗ್ಗಿಸುತ್ತಾರೆ. ಅಜ್ಜ ನಿದ್ದೆಹೋಗಿದ್ದಾರೆ. ಎದೆ ನಿಧಾನವಾಗಿ ಏರುತ್ತಿದೆ, ಇಳಿಯುತ್ತಿದೆ.

ನಿನಗೆ ಇನ್ನೇನಾದರೂ ಬೇಕೇ ಎಂದು ಅಜ್ಜಿ ಕೇಳಿದರೆ, ಬೂಟಿನ ದಾರ ಕಟ್ಟುತ್ತ ಒರೀಸ್ಯಾ ಪಿಸುಗುಟ್ಟುತ್ತಾರೆ: "ಹಿಮ ಕರಗೋವರೆಗೂ ಈ ಮನೇಲಿ ಯಾರಿಗೂ ನನ್ನ ನೆನಪೇ ಆಗಬಾರದು. ಅಷ್ಟಾದ್ರೆ ಸಾಕು ನಂಗೆ."