ಸ್ಟಿಕ್ಕರ್‌ನಲ್ಲಿ ನಾಲ್ಕು ಓಮ್

ಸೀಟಿನ ಕೆಳಗಿನ ಕಾರ್ಪೆಟ್‌ನಿಂದ ಹೊಗೆ ಏಳುತ್ತಿತ್ತು. ಹಿಂದೆ ನಾಲ್ವರು ಹೆಂಗಸರಿದ್ದರು. ಮೇಸ್ತ್ರಿ ಬಸಣ್ಣ ಮಣಿಕೊಂಡದ ರಸ್ತೆ ಬದಿಗೆ ವ್ಯಾನ್ ತಂದು ನಿಲ್ಲಿಸುವಷ್ಟರಲ್ಲಿ ಬೆಂಕಿಯೂ ಕಂಡಿತು. ನಾನು ಮುಂದಿನ ಸೀಟಿನಲ್ಲಿದ್ದೆ. ಆ ಕಾರ್ಪೆಟ್ ಅಡಿಯ ವೈರುಗಳನ್ನು ಹಿಂದಿನ ದಿನ ಎಳೆದವನು ನಾನೇ.

ಇದು ಎರಡು ವರ್ಷದ ಹಿಂದಿನ ಮಾತು. ಆಗ ನಾನು ಮೆಹದಿಪಟ್ಟಣಂನ ಒಂದು ಕಾರ್ ಆಡಿಯೋ ಅಂಗಡಿಯಲ್ಲಿ ಫಿಟ್ಟರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಕೆಲಸ ನೋಡಿ ನೋಡಿ ಕಲಿತವನು. ಬಸಣ್ಣ ನಮ್ಮ ಯಾದಗಿರಿ ಕಡೆಯವನು. ಕಟ್ಟಡ ಕೆಲಸದ ಆಳುಗಳನ್ನು ಈ ವ್ಯಾನಿನಲ್ಲಿ ಒಯ್ಯುತ್ತಿದ್ದ. ಹಳೇ ಸಾಮಾನಿನ ಬಜಾರಿನಿಂದ ಎರಡು ವೂಫರ್, ಅಂದರೆ ದಪ್ಪ ದನಿಯ ದೊಡ್ಡ ಸ್ಪೀಕರ್, ತಂದು ಹೊಸ ಆಂಪ್ಲಿಫೈಯರ್‌ಗೆ ಹಚ್ಚು ಎಂದ.

ಸ್ಪೀಕರ್ ಕರೆಂಟಿಗೆ ಎಷ್ಟು ತಡೆ ಕೊಡುತ್ತದೆ ಎಂಬುದನ್ನು ಇಂಪೆಡೆನ್ಸ್ ಅನ್ನುತ್ತಾರೆ. ಅದರ ಲೆಕ್ಕ ಓಮ್‌ನಲ್ಲಿ. ಓಮ್ ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಈ ಆಂಪ್ಲಿಫೈಯರ್ ಎರಡು ಓಮ್‌ವರೆಗೆ ತಾಳುತ್ತಿತ್ತು, ಕೆಳಗಿಳಿಯುವಂತಿಲ್ಲ. ವೂಫರ್‌ಗಳ ಹಿಂದೆ ನಾಲ್ಕು ಓಮ್ ಅಂತ ಸ್ಟಿಕ್ಕರ್ ಇತ್ತು. ನಾಲ್ಕರ ಎರಡನ್ನು ಪ್ಯಾರಲಲ್ ಜೋಡಿಸಿದರೆ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿದರೆ, ಅರ್ಧಕ್ಕಿಳಿದು ಎರಡು ಓಮ್ ಆಗುತ್ತದೆ. ಸರಿ ಎಂದುಕೊಂಡೆ. ಓಮ್ ಅಳೆಯುವ ಮೀಟರ್ ಚೀಲದಲ್ಲೇ ಇತ್ತು, ತೆಗೆಯಲಿಲ್ಲ.

ಸೌಂಡ್ ಏರಿಸಿದ ಕೂಡಲೇ ಮೂವತ್ತು ಆಂಪಿಯರ್ ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ದನಿ ಕಡಿಮೆ ಇಟ್ಟು ಕೇಳಿಸಿದರೆ ಬಸಣ್ಣ ಮೂಗು ಮುರಿದ.

"ಇದೇನ್ಲೇ ಮಲ್ಲ್ಯಾ, ಮುದುಕಿ ಕೆಮ್ಮಿದಂಗ ಕೇಳಾಕತ್ತೈತಿ."

ಮನೆಗೆ ಹೋಗಲು ಆಳುಗಳ ಜೊತೆ ವ್ಯಾನಿನಲ್ಲಿ ಕೂತಿದ್ದ ನಿಂಗವ್ವ, ಅವರಲ್ಲೆಲ್ಲ ಹಿರಿಯಳು, "ನನ್ನ ಸುದ್ದಿ ಯಾಕ ತಗೀತಿ, ನಿನ್ನ ಡಬ್ಬಿ ಸುದ್ದಿ ಮಾತಾಡು" ಎಂದಳು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಅರವತ್ತರ ಫ್ಯೂಸ್ ಹಾಕಿದೆ. ವೈರ್ ಮಾತ್ರ ಮೂವತ್ತಕ್ಕೆ ಆಗುವಷ್ಟೇ ದಪ್ಪದ್ದು.

ಮರುದಿನ ಬೆಳಿಗ್ಗೆ ಬಸಣ್ಣ ದಾರಿಯಲ್ಲಿ ಟ್ರಯಲ್ ನೋಡೋಣ ಎಂದ. ಸೈಟ್ ಹತ್ತಿರ ಬರುವಾಗ ವಾಲ್ಯೂಮ್ ಪೂರ್ತಿ ತಿರುಗಿಸಿದ. ಫ್ಯೂಸ್ ಹೋಗಲಿಲ್ಲ, ವೈರೇ ಹೊತ್ತಿಕೊಂಡಿತು.

ಬ್ಯಾಟರಿ ನನ್ನ ಸೀಟಿನ ಕೆಳಗೇ ಇತ್ತು. ಸೀಟ್ ಎತ್ತಿ ಫ್ಯೂಸ್ ಕಿತ್ತೆ. ಹೋಲ್ಡರ್ ಕರಗಿತ್ತು, ಎರಡು ಬೆರಳಿನ ಚರ್ಮ ಅದಕ್ಕೇ ಅಂಟಿತು. ಕರೆಂಟ್ ನಿಂತರೂ ಕಾರ್ಪೆಟ್ ಉರಿಯುತ್ತಲೇ ಇತ್ತು. ವ್ಯಾನಿನ ಬಲಗಡೆ ಬಾಗಿಲು ಮೊದಲಿನಿಂದ ಕೆಟ್ಟಿತ್ತು. ಎಡಗಡೆ ಬಾಗಿಲಿನ ಅರ್ಧಕ್ಕೆ ವೂಫರ್ ಬಾಕ್ಸ್ ಅಡ್ಡ ಇತ್ತು. ಹಿಂದೆ ಸಲಿಕೆ, ಮಣ್ಣು ಹೊರುವ ಪುಟ್ಟಿ ಇಡಬೇಕು ಎಂದು ಬಸಣ್ಣ ಹೇಳಿದ್ದಕ್ಕೆ ನಾನೇ ಅಲ್ಲಿ ಸ್ಕ್ರೂ ಹೊಡೆದಿದ್ದೆ. ಉಳಿದ ಸಂದಿಯಲ್ಲಿ ಮೊದಲನೆಯವಳು ನುಸುಳಿ ಬಂದಳು. ಎರಡನೆಯವಳ ಸೀರೆ ಬಾಕ್ಸಿನ ಮೂಲೆಗೆ ಸಿಕ್ಕಿತು. ಆಕೆ ಅಲ್ಲೇ ನಿಂತಳು. ಅವಳ ಹಿಂದೆ ಇಬ್ಬರು ಕೆಮ್ಮುತ್ತಿದ್ದರು. ನಾನು ಹೊರಗೆ ಜಿಗಿದು ಬಂದು ಸೀರೆ ಎಳೆಯುತ್ತಿದ್ದೆ. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ.

ಒಳಗಿನಿಂದ ನಿಂಗವ್ವ ಸೀಟು ಹಿಡಿದು ಎರಡೂ ಕಾಲಿನಿಂದ ಬಾಕ್ಸ್ ಒದ್ದಳು. ಎರಡನೇ ಏಟಿಗೆ ಸ್ಕ್ರೂ ಕಿತ್ತು ಬಾಕ್ಸ್ ರಸ್ತೆಗೆ ಬಿತ್ತು. ಎಲ್ಲರೂ ಇಳಿದರು. ಅವಳು ಕೊನೆಗೆ ಇಳಿದಳು. ಮೊಣಕೈ ಕೆಳಗೆ ಸುಟ್ಟಿತ್ತು. ಬಸಣ್ಣ ಮಣ್ಣು ಎರಚಿ ಬೆಂಕಿ ಆರಿಸಿದ.

ಆಮೇಲೆ ಮೀಟರ್ ತೆಗೆದೆ. ಒಂದು ವೂಫರ್ 1.7 ಓಮ್, ಅಂದರೆ ಹೆಚ್ಚೂಕಡಿಮೆ ಎರಡು, ತೋರಿಸಿತು. ಇನ್ನೊಂದೂ ಅಷ್ಟೇ. ಹಿಂದೆಂದೋ ಸುಟ್ಟ ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ತೆಗೆದು ಯಾರೋ ಎರಡು ಓಮ್‌ನ ಕಾಯಿಲ್ ಕೂರಿಸಿದ್ದರು, ಹಳೇ ಸ್ಟಿಕ್ಕರ್ ಹಾಗೇ ಬಿಟ್ಟಿದ್ದರು. ಎರಡೂ ಪ್ಯಾರಲಲ್ ಸೇರಿ ಒಂದು ಓಮ್ ಕೂಡ ಇರಲಿಲ್ಲ. ಫ್ಯೂಸ್ ಎರಡು ಸಲ ಅದನ್ನೇ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ.

ನಿಂಗವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

"ಇದಕ್ಕ ಅಳತಿ ಇರ್ತೈತೇನಪಾ?"

"ಇರ್ತೈತವ್ವಾ."

"ಅಳಿಯೂದು ನಿನ್ನೆ ನಿನ್ನ ಹತ್ರ ಇತ್ತೇನು?"

"ಇತ್ತು."

"ಗ್ವಾಡಿ ಎಬ್ಬಿಸೂಮುಂದ ನಾವು ದಾರ ಹಿಡಿತೀವಿ. ನೀ ಏನ್ ಹಿಡದಿ?"

ಆಸ್ಪತ್ರೆಗೆ ಹೋಗೋಣ ಬಾ ಅಂದೆ. ಸಂಜೆ ನೋಡೋಣ ಎಂದು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಸೈಟಿಗೆ ನಡೆದೇ ಹೋದಳು. ಅದು ನನಗೆ ಬೆಂಕಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಸಂಜೆ ನಾನೇ ಸೈಟಿಗೆ ಹೋಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆ. ಗಾಯ ವಾಸಿಯಾಯಿತು, ಕಲೆ ಉಳಿದಿದೆ.

ಈಗ ಹೊಸ ಡಬ್ಬಿ ಒಡೆದ ಸ್ಪೀಕರ್ ಆದರೂ ಪ್ರತಿ ಕಾಯಿಲ್ ಅಳೆಯುತ್ತೇನೆ. ಆಂಪ್ಲಿಫೈಯರ್ ತಾಳುವುದಕ್ಕಿಂತ ಓಮ್ ಕಡಿಮೆ ಬಂದರೆ ವೈರ್ ಮುಟ್ಟುವುದಿಲ್ಲ. ಫ್ಯೂಸ್ ವೈರಿನ ದಪ್ಪಕ್ಕೆ ತಕ್ಕಂತೆ, ಗಿರಾಕಿಯ ಬಾಯಿಗೆ ತಕ್ಕಂತೆ ಅಲ್ಲ. ಬೈದು ಬೇರೆ ಅಂಗಡಿಗೆ ಹೋಗುವವರು ಹೋಗಲಿ.

ಇಷ್ಟೇ.