ಮಿನ್ನಾ ಎರಡು ಸಲ ಹಡಗು ಹತ್ತಿದಳು

ನಮ್ಮ ಟೋಬಿಯಾಸ್ ಪಾದ್ರಿಗಳಷ್ಟು ಒಳ್ಳೆಯವರು ಈ ಕಡಲತೀರಕ್ಕೆ ಬಂದಿಲ್ಲ. ಅವರಷ್ಟು ಹಟಮಾರಿಯೂ ಬಂದಿಲ್ಲ. ಮೊದಮೊದಲು ಸೀಲ್ ಮಾಂಸ ಬಾಯಿಗಿಟ್ಟರೆ ಮುಖ ಹಿಂಡುತ್ತಿದ್ದವರು, ಆಮೇಲೆ ನಮ್ಮ ಗಂಡಸರ ಜೊತೆ ಮಂಜುಗಡ್ಡೆಯ ಮೇಲೆ ಕೂತು ಹಸಿ ಲಿವರ್ ಹಂಚಿಕೊಂಡು ತಿಂದರು. ಅವರ ಹೆಂಡತಿ ಹೆರಿಗೆಯಲ್ಲೇ ತೀರಿಕೊಂಡಾಗ ಕೂಸಿಗೆ ಹಾಲೂಡಿಸಿದ್ದು ನಮ್ಮಮ್ಮ. ಆ ಕೂಸೇ ಮಿನ್ನಾ. ನನ್ನ ಅಂಗಿಯ ಬೆನ್ನಿಗೆ ಹೊಲಿದ ಕೂಸಿನ ಚೀಲದಲ್ಲಿ ಬೆಳೆದ ಹುಡುಗಿ.

ಪಾದ್ರಿಗಳ ಮಕ್ಕಳಿಗೆ ಏಳು ತುಂಬಿದರೆ ಅವರ ದೇಶದ ಶಾಲೆಗೆ ಕಳಿಸಬೇಕೆಂಬುದು ಅವರ ಸಭೆಯ ನಿಯಮ. ಇಲ್ಲಿಗೆ ವರ್ಷಕ್ಕೊಂದೇ ಹಡಗು. ಹೊರಡುವ ಹೊತ್ತಿಗೆ ಮಿನ್ನಾ ನನ್ನ ಕೊರಳು ಬಿಡಲಿಲ್ಲ, ಬಿಡಿಸಿದವರು ಅವಳಪ್ಪನೇ. ಮುಂದಿನ ಬೇಸಿಗೆಯಲ್ಲಿ ಅದೇ ಹಡಗು, ಅವಳು ಜ್ವರ ಬಂದು ತೀರಿಹೋದಳೆಂಬ ಸುದ್ದಿ ತಂದಿತು. ಪಾದ್ರಿಗಳು ಅವತ್ತೂ ಗಂಟೆ ಬಾರಿಸಿ ಪ್ರಾರ್ಥನೆ ನಡೆಸಿದರು. ಒಂದು ತೊಟ್ಟು ಕಣ್ಣೀರಿಲ್ಲ.

ಆ ಚಳಿಗಾಲ ನನಗೆ ಹೆಣ್ಣು ಹುಟ್ಟಿತು. ನಮ್ಮಲ್ಲಿ ಸತ್ತವರ ಹೆಸರನ್ನು ಕೂಸಿಗಿಟ್ಟರೆ ಹೆಸರಿನ ಜೊತೆ ಅವರೇ ಮರಳುತ್ತಾರೆ; ಅವರ ಅಪ್ಪ ಕೂಸಿಗೂ ಅಪ್ಪ. ಮಿನ್ನಾ ಎಂದು ಹೆಸರಿಟ್ಟು ಕೂಸನ್ನು ಪಾದ್ರಿಗಳ ಬಳಿಗೆ ಒಯ್ದೆ.

“ಅಯ್ಯನೋರೇ, ನಿಮ್ಮ ಮಗಳು ಬಂದಿದಾಳೆ. ನೋಡಿ.”

ಅವರ ಮುಖ ಬಿಳಿಚಿಕೊಂಡಿತು. “ನನ್ನ ಮಗಳು ದೇವರ ಹತ್ರ ಇದಾಳೆ. ಇದೆಲ್ಲ ಅಜ್ಞಾನ ಕಣಮ್ಮ.”

ಮರ್ತಾ ಎಂದು ದೀಕ್ಷಾಸ್ನಾನ ಕೊಟ್ಟರು. ಆ ಹೆಸರು ಅವರೊಬ್ಬರ ಬಾಯಲ್ಲೇ ಉಳಿಯಿತು.

ಮಾತು ಬಂದದ್ದೇ ತಡ, ಮಗು ಅವರನ್ನು ಕಂಡಲ್ಲೆಲ್ಲ “ಅಪ್ಪಾ” ಎಂದು ಬೆನ್ನು ಬೀಳುತ್ತಿತ್ತು. ಅವರು ಓಗೊಡುತ್ತಿರಲಿಲ್ಲ.

ನನ್ನ ಗಂಡ ಕುಕ್ಸುಕ್ ಕೆಣಕುತ್ತಿದ್ದ. “ಮಗಳು ಕರೀತಿದಾಳೆ ಅಯ್ಯನೋರೇ. ದಿನಾ ಅಷ್ಟು ದೊಡ್ಡ ಗಂಟೆ ಬಾರಿಸಿದ್ರೆ ಕಿವಿ ಎಲ್ಲಿ ಉಳಿಯುತ್ತೆ ಬಿಡಿ.”

ಹಡಗು ಬಂದರೆ ಊರಿನ ಮಕ್ಕಳೆಲ್ಲ ದಡಕ್ಕೆ ಓಡುತ್ತಿದ್ದರು. ಇವಳು ಮಾತ್ರ ಹಾಸಿದ ಚರ್ಮಗಳಡಿ ನುಸುಳುತ್ತಿದ್ದಳು. ಒಮ್ಮೆ ಪಾದ್ರಿಗಳು ಬಂದವರು ಅದನ್ನು ಕಂಡರು.

“ಯಾಕೆ ಅಡಗಿದೀಯ ಮರ್ತಾ?”

“ನಾನು ಹೋಗಲ್ಲ ಅಪ್ಪಾ.”

ಅವರು ಚರ್ಮವನ್ನು ಮತ್ತೆ ಅವಳ ಮೇಲೆಳೆದರು. ಎದ್ದು ಹೋದರು.

ಅವಳಿಗೆ ಆರು ತುಂಬುವ ಮೊದಲೇ ಕೆಮ್ಮು ಹಿಡಿಯಿತು, ಕಫದಲ್ಲಿ ರಕ್ತ ಬಂತು. ದೂರದ ದೊಡ್ಡ ಆಸ್ಪತ್ರೆಗೆ ಒಯ್ದರೆ ಬದುಕಿಯಾಳು ಎಂದ ಹಡಗಿನ ವೈದ್ಯ. ತಾಯಿಗೆ ಜಾಗವಿಲ್ಲ ಎಂದರು. ಒಪ್ಪದೆ ಇನ್ನೇನು ಮಾಡಲಿ? ಅವಳನ್ನು ದೋಣಿಯವರೆಗೆ ಎತ್ತಿಕೊಂಡು ಹೋದವರು ಪಾದ್ರಿಗಳು. ಅವಳು ಅವರ ಕಾಲರು ಹಿಡಿದುಕೊಂಡಳು.

“ಮತ್ತೆ ಕಳಿಸ್ತೀಯಾ ಅಪ್ಪಾ?”

ದೋಣಿ ಹೊರಟ ಮೇಲೂ “ಅಪ್ಪಾ, ಅಪ್ಪಾ” ಎಂದು ಕೂಗುತ್ತಲೇ ಇದ್ದಳು.

“ಒಂದೇ ಒಂದು ಸಲ ಓ ಅನ್ನಿ ಅಯ್ಯನೋರೇ. ನಿಮ್ಮ ಕಾಲಿಗೆ ಬೀಳ್ತೀನಿ” ಎಂದೆ.

ಅವರು ಬಾಯಿ ತೆರೆದರು. “ದೇವರು ನಿನ್ನ ಜೊತೆ ಇರಲಿ, ಮರ್ತಾ” ಎಂದು ಕೂಗಿದರು.

ಮರುವರ್ಷ ಹಡಗಿನಲ್ಲಿ ಅವಳ ಚರ್ಮದ ಬೂಟುಗಳು ಬಂದವು, ಅವಳು ಬರಲಿಲ್ಲ.

ಅದಾದ ಮೇಲೆ ನನಗೆ ಗಂಡು ಹುಟ್ಟಿತು. ನಮ್ಮಲ್ಲಿ ಹೆಸರಿಗೆ ಗಂಡು ಹೆಣ್ಣೆಂಬುದಿಲ್ಲ. ನಮ್ಮ ನಡುವೆ ಇಷ್ಟು ವರ್ಷ ಬಾಳಿದ ಪಾದ್ರಿಗಳಿಗೆ ಅದು ಗೊತ್ತಿತ್ತು. ಟೊಪ್ಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತರು.

“ಕೂಸಿಗೆ... ಮಿನ್ನಾ ಅಂತ ಇಡ್ತೀಯೇನಮ್ಮ?”

“ಎರಡು ಸಲ ಬಂದ್ಳು ಅಯ್ಯನೋರೇ. ಓ ಅನ್ನದೋರ ಹತ್ರಕ್ಕೆ ಮೂರನೇ ಸಲ ಯಾವ ಮುಖ ಇಟ್ಕೊಂಡು ಕರೀಲಿ?”

ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಕೈಹಿಡಿದು ಎಬ್ಬಿಸಿದೆ. ಕೂಸಿಗೆ ಆ ಹೆಸರು ಮಾತ್ರ ಇಡಲಿಲ್ಲ.

ಪಾದ್ರಿಗಳು ತಮ್ಮ ದೇಶಕ್ಕೆ ಮರಳಲಿಲ್ಲ, ಇಲ್ಲೇ ಮಣ್ಣಾದರು. ಅವರ ಹೆಸರನ್ನು ನನ್ನ ಮೊಮ್ಮಗನಿಗೆ ಇಟ್ಟಿದ್ದೇವೆ. ಮೊನ್ನೆ ಹಡಗು ಬಂದಾಗ ಎಲ್ಲರಿಗಿಂತ ಮುಂಚೆ ದಡದಲ್ಲಿ ನಿಂತಿದ್ದ ಪೋರ.

“ಯಾರಿಗೆ ಕಾಯ್ತಿದೀರಿ ಅಯ್ಯನೋರೇ?” ಎಂದು ಕೇಳಿದೆ.

“ಮಗಳು ಕರೀತಿದಾಳೆ” ಎಂದ.

ದೋಣಿಯಿಂದ ಹಿಟ್ಟಿನ ಮೂಟೆಗಳು ಇಳಿದವು. ಕೊನೆಯ ಮೂಟೆ ಇಳಿಯುವವರೆಗೂ ಅವನು ಕಡಲ ಕಡೆಗೆ “ಓ, ಓ” ಎನ್ನುತ್ತ ನಿಂತಿದ್ದ.