ಎರಡು ಏರಿಯಾದ ನಡುವಿನ ತುಂಡು

ಒಂದೇ ಕಾವಲಿ ಮೇಲೆ ಎರಡು ದೋಸೆ ಹುಯ್ಯೋ ದುರಾಸೆ ನನ್ನದು. ಎರಡನೇದು ಹೋಗಿ ಮೊದಲನೇದರ ಮೇಲೆ ಅರ್ಧ ಇಂಚು ಕೂತೇ ಕೂರತ್ತೆ, ಆ ಜೋಡಿ ಪದರ ಬೇಯೋದೇ ಇಲ್ಲ, ಆ ಹಸಿ ತುಂಡು ಯಾವ ಮಾಯದಲ್ಲೋ ನನ್ನ ಹೆಂಡತಿ ತಟ್ಟೆಗೇ ಸೇರತ್ತೆ. ಈ ಕೈಚಳಕದಲ್ಲಿ ನನ್ನನ್ನ ಮೀರಿಸೋರು ಇಂಗ್ಲೆಂಡಿನ ನಮ್ಮ ಇಡೀ ಸೊಲಿಹಲ್‌ನಲ್ಲಿ ಇಲ್ಲ ಸ್ವಾಮಿ.

ಎರಡು ಸಾವಿರದ ಏಳೋ ಎಂಟೋ ಇಸವಿ ಇರ್ಬೇಕು, ಇದೇ ಕೈಚಳಕ ನಕ್ಷೆ ಮೇಲೂ ತೋರಿಸಿದ್ದೆ. ನಮ್ಮ ಕನ್ನಡದೋರನ್ನ ಯುಗಾದಿ ಊಟಕ್ಕೆ ಫೋನಲ್ಲಿ ಕರೆದ್ರೆ ಕರೆದಂಗಲ್ಲ, ಬಾಗಿಲಿಗೇ ಹೋಗ್ಬೇಕು. ಯಾರು ಯಾವ ಬೀದಿಗೆ ಅಂತ ಹಂಚೋ ಮಹಾಕಾರ್ಯ ನನ್ನದು. ಯಾರೋ ಪುಣ್ಯಾತ್ಮರು ಬರೆದು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಏರಿಯಾ ಬರೆದೆ. ಬರೀವಾಗ, ನನ್ನ ಪಾಲಿಗಿದ್ದ, ಕರು ಗಾತ್ರದ ನಾಯಿ ಇರೋ ಒಂದು ಬೀದಿಯನ್ನ ಮೆಲ್ಲಗೆ ನನ್ನ ಗೆಳೆಯ ಡಾಕ್ಟರ್ ನಾಗರಾಜನ ಏರಿಯಾಕ್ಕೂ ಎಳೆದೆ. ನನ್ನದರಿಂದ ಅಳಿಸೋದು ಮರೆತೆ. ಬೀದಿ ನನ್ನ ಬಣ್ಣದಲ್ಲೂ ಇರೋದು ನೋಡಿ ಅವನು ನಾನೇ ಹೋಗ್ತೀನಿ ಅಂದ್ಕೊಂಡ, ನಾನು ಅವನನ್ನ ನಾಯಿ ಅಟ್ಟಿಸ್ಕೊಂಡು ಹೋಗೋದನ್ನ ನೆನೆಸ್ಕೊಂಡು ನಗ್ತಾ ಕೂತೆ.

ಆ ಬೀದೀಲಿ ಧಾರವಾಡದ ಕಮಲಮ್ಮ ಇದ್ರು. ಪ್ರತಿ ವರ್ಷ ಇಡೀ ಊಟಕ್ಕೆ ಹೋಳಿಗೆ ಅವರದೇ ಕೈಯಿಂದ. ಹಬ್ಬಕ್ಕೆ ಎರಡು ದಿನ ಇದ್ದಾಗ ಅಂಗಡೀಲಿ ಸಿಕ್ಕ ನಮ್ಮ ಕನ್ನಡ ಬಳಗದ ಹುಡುಗಿ ಸುಮನ್ನ ಕೇಳಿದ್ರಂತೆ: “ಈ ಸಲ ನಾ ಯಾರ ಏರಿಯಾದಾಗೂ ಇಲ್ಲೇನ ತಂಗಿ?”

ಸುಮ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೋಗ್ರಾಮರ್, ಅದೇ ಪುಕ್ಕಟೆ ಸಾಫ್ಟ್‌ವೇರ್‌ಗೆ ರಜಾ ದಿನ ಕೂತು ಕೋಡ್ ಬರೆಯೋಳು. ಸೀದಾ ನಮ್ಮನೆಗೆ ಬಂದು ನನ್ನ ಕುರ್ಚೀಲೇ ಕೂತ್ಲು. ನಕ್ಷೆ ತೆರೆದು, ಒಂದು ಏರಿಯಾದ ಮೇಲೆ ಇನ್ನೊಂದು ಎಷ್ಟು ಬಿದ್ದಿದೆಯೋ ಅಷ್ಟನ್ನೇ ಬೇರೆ ಮಾಡಿ ಕೆಂಪಗೆ ತೋರಿಸಿದ್ಲು. ಅಂಕುಡೊಂಕು ಬೀದಿಗುಂಟ, ಕೂದಲೆಳೆ ಸಂದು ಬಿಡದ ಆ ಕತ್ತರಿ ಕೆಲಸ ನೋಡಿ, ನಲವತ್ತು ವರ್ಷ ಎಂಜಿನಿಯರ್ ಅಂತ ಮೆರೆದ ನಾನು ಬಾಯಿ ಬಿಟ್ಕೊಂಡು ನಿಂತೆ.

“ಅಂಕಲ್, ಕತ್ತರಿಸೋದು ಕಂಪ್ಯೂಟರ್‌ಗೆ ಗೊತ್ತು. ಈ ತುಂಡು ಯಾರಿಗೆ ಅಂತ ನೀವೇ ಹೇಳ್ಬೇಕು. ಮೊದಲು ಯಾರದಿತ್ತು?”

ಜೀವಮಾನದಲ್ಲಿ ಮೊದಲ ಸಲ ನನ್ನ ಕುಚೇಷ್ಟೆ ನನಗೇ ಬಣ್ಣ ಬಣ್ಣವಾಗಿ ಕಾಣಿಸ್ತು. “ನಂದೇ ಕಣಮ್ಮ,” ಅಂದೆ.

ಹೋದೆ. ನಾಯಿ ಬೇಲಿ ಮೇಲಿಂದ ನನ್ನ ಮಫ್ಲರ್ ಕಿತ್ಕೊಂಡಿತು, ಅದರ ವಿವರ ಬೇಡ. ಕಮಲಮ್ಮ ಬಾಗಿಲು ತೆಗೆದ್ರು. ತಪ್ಪು ನಂದೇ ಅಂತ ಒಪ್ಕೊಂಡು, ಊಟಕ್ಕೆ ಬನ್ನಿ ಅಂತ ಕರೆದೆ. “ಹೋಳಿಗಿ ಬ್ಯಾಳಿ ಆವಾಗ್ಲೇ ತಂದಿಟ್ಟೇನ್ರಿ,” ಅಂದ್ರು, “ಕರಿಯೋರ ಹಾದಿ ಕಾಯ್ಕೋತ ಕುಂತಿದ್ದೆ.”

ಈಗ್ಲೂ ಎರಡು ದೋಸೆ ಹುಯ್ತೀನಿ, ಈಗ್ಲೂ ಒಂದರ ಮೇಲೊಂದು ಕೂರತ್ತೆ. ಆದ್ರೆ ಸುಮನ ಹಾಗೆ ಸೊಗಸಾಗಿ ಕತ್ತರಿಸಿ ಹಸಿ ತುಂಡು ನನ್ನ ತಟ್ಟೆಗೆ ಹಾಕ್ಕೋತೀನಿ. ಇದರಲ್ಲೇನು ಕಿತಾಪತಿ ಇದೆಯೋ ಅಂತ ನನ್ನ ಹೆಂಡತಿ ತನ್ನ ದೋಸೇನ ತಿರುಗಿಸಿ ತಿರುಗಿಸಿ ನೋಡ್ತಾಳೆ.